ಹನ್ನೊಂದು ಜನರ ಪ್ರೆಸ್ಸು, ಆರು ಜನರ ಮನೆ: ಒಂದೇ ಪಾಲಿಸಿ ಯಾಕೆ ಸಾಲಲಿಲ್ಲ

ದಾವಣಗೆರೆಯ ಆಫ್‌ಸೆಟ್ ಪ್ರೆಸ್ ಒಂದರ ಮಾಲೀಕರಿಗೆ 2025ರ ಅಕ್ಟೋಬರ್‌ನಲ್ಲಿ ಏಜೆಂಟರೊಬ್ಬರು ಗ್ರೂಪ್ ಹೆಲ್ತ್ ಪಾಲಿಸಿಯ ಕೊಟೇಶನ್ ತಂದುಕೊಟ್ಟರು. ಪ್ರೆಸ್ಸಿನ ಹನ್ನೊಂದು ಕೆಲಸಗಾರರು, ಮಾಲೀಕರು, ಅವರ ಹೆಂಡತಿ ಮಕ್ಕಳು, ಅಪ್ಪ ಅಮ್ಮ ಎಲ್ಲರೂ ಒಂದೇ ಪಾಲಿಸಿಯೊಳಗೆ, ಕುಟುಂಬವೊಂದಕ್ಕೆ 3 ಲಕ್ಷ ರೂಪಾಯಿ. "ಹಳೇ ಕಾಯಿಲೆಗಳೂ ಮೊದಲ ದಿನದಿಂದಲೇ ಕವರ್ ಆಗ್ತಾವೆ, ಮೆಡಿಕಲ್ ಟೆಸ್ಟೂ ಇಲ್ಲ" ಎಂಬ ಮಾತು ಮಾಲೀಕರಿಗೆ ಚೆನ್ನಾಗಿ ಹಿಡಿಸಿತ್ತು. ಅವರ ತೆರಿಗೆ ಲೆಕ್ಕ ನೋಡುವವನು ನಾನು. ಪೂರ್ತಿ ಪ್ರೀಮಿಯಂ ಪ್ರೆಸ್ಸಿನ ಖರ್ಚಿಗೆ ಹಾಕಬಹುದೇ ಎಂದು ಕೇಳಲಿಕ್ಕೆ ಆ ಕಾಗದ ನನ್ನ ಬಳಿ ಬಂತು. ಅದನ್ನು ಬಿಡಿಸಿ ನೋಡುವಷ್ಟರಲ್ಲಿ ದೀಪಾವಳಿ ದಾಟಿ ಕ್ಯಾಲೆಂಡರ್ ಸೀಸನ್ ಬಂದಿತ್ತು.

ಮಾಲೀಕರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಇನ್ನೊಬ್ಬ ಗಿರಾಕಿಯ ಒಂದೆರಡು ಸಂಗತಿಗಳೂ ಇದರಲ್ಲಿ ಸೇರಿವೆ.

ಮೊದಲು ಅವರು ಕೇಳಿದ್ದಕ್ಕೆ ಉತ್ತರ. ಕೆಲಸಗಾರರ ವಿಮೆಗೆ ಕಟ್ಟಿದ್ದು ವ್ಯಾಪಾರದ ಖರ್ಚು. ನಗದಿನಲ್ಲಿ ಕೊಡಬಾರದು, ಅಷ್ಟೇ. ಆದರೆ ಪ್ರೆಸ್ ಒಬ್ಬರೇ ಮಾಲೀಕರ ಸಂಸ್ಥೆ. ಹಾಗಾಗಿ ಅವರದೇ ಕುಟುಂಬದ ಪಾಲು ಮನೆಖರ್ಚು, ಪ್ರೆಸ್ಸಿನದಲ್ಲ. ಅದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಅಡಿಯಲ್ಲಿ ಸ್ವಂತ ಕುಟುಂಬಕ್ಕೆ 25,000, ಹಿರಿಯ ನಾಗರಿಕ ತಂದೆತಾಯಿಗೆ 50,000ದವರೆಗೆ ಕಡಿತವಿದೆ. ಅದು ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ. ಇವರು ಹೊಸ ಪದ್ಧತಿಗೆ ಹೋಗಿದ್ದಾರೆ, ಆದ್ದರಿಂದ ಏನೂ ಸಿಗದು. ತೆರಿಗೆ ಉಳಿಸಲು ವಿಮೆ ಮಾಡುವ ಮಾತು ಅಲ್ಲಿಗೆ ಮುಗಿಯಿತು. ನನ್ನ ಪ್ರಕಾರ ಅದು ಒಳ್ಳೆಯದೇ ಆಯಿತು.

ಯಾರು ಯಾರಿದ್ದಾರೆ

ಮನೆಯಲ್ಲಿ ಆರು ಜನ. ಮಾಲೀಕರಿಗೆ 44, ಹಿಂದಿನ ವರ್ಷ ಶುಗರ್ ಗೊತ್ತಾಗಿದೆ, ಇನ್ನೂ ಪಥ್ಯದಲ್ಲೇ ಇದ್ದಾರೆ. ಹೆಂಡತಿಗೆ 39. ಮಗ ಎಂಜಿನಿಯರಿಂಗ್ ಎರಡನೇ ವರ್ಷ, ಮಗಳು ಹತ್ತನೇ ಕ್ಲಾಸು. ಅಪ್ಪನಿಗೆ 68, 2019ರಲ್ಲಿ ಸ್ಟೆಂಟ್ ಹಾಕಿದೆ. ಅಮ್ಮನಿಗೆ 63, ಬಿಪಿ ಮಾತ್ರೆ ನುಂಗುತ್ತಾರೆ.

ಪ್ರೆಸ್ಸಿನಲ್ಲಿ ಹನ್ನೊಂದು ಜನ: ಮಷಿನ್‌ಮನ್‌ಗಳು, ಕಟಿಂಗ್ ಮಷಿನ್ ಮೇಲೆ ಒಬ್ಬ, ಬೈಂಡಿಂಗ್‌ನಲ್ಲಿ ಮಡಚುವ, ಅಂಟಿಸುವ ಹೆಣ್ಣುಮಕ್ಕಳು, ಒಬ್ಬ ಡಿಟಿಪಿ ಆಪರೇಟರ್, ಒಬ್ಬ ಮ್ಯಾನೇಜರ್. ಕೊನೆಯ ಇಬ್ಬರ ಸಂಬಳ 21,000ಕ್ಕಿಂತ ಹೆಚ್ಚು, ಉಳಿದ ಒಂಬತ್ತು ಜನರದು ಕಡಿಮೆ. ರಿಜಿಸ್ಟರಿನಲ್ಲಿ ಮಾತ್ರ ಒಂಬತ್ತೇ ಹೆಸರು. ಬೈಂಡಿಂಗಿನ ಇಬ್ಬರಿಗೆ ವಾರದ ಬಟವಾಡೆ, ವೋಚರ್ ಮೇಲೆ ಸಹಿ.

"ಹತ್ತು ದಾಟಿದ್ರೆ ಇಎಸ್‌ಐ ಬರುತ್ತಲ್ಲ ಸರ್, ಅದಕ್ಕೆ" ಎಂದರು ಮಾಲೀಕರು, ಅದರಲ್ಲೇನು ತಪ್ಪು ಎನ್ನುವ ಧಾಟಿಯಲ್ಲಿ.

ಕೊಟೇಶನ್ನಿನ ಮುಖ್ಯ ತೊಡಕು ಇಲ್ಲೇ ಇತ್ತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಕಡ್ಡಾಯ. ಎಣಿಕೆಗೆ ಖಾಯಂ, ದಿನಗೂಲಿ, ಗುತ್ತಿಗೆ ಎಂಬ ಭೇದವಿಲ್ಲ. 21,000 ಮೀರಿದ ಸಂಬಳದವರೂ ತಲೆ ಎಣಿಕೆಗೆ ಬರುತ್ತಾರೆ, ಸೌಲಭ್ಯಕ್ಕೆ ಮಾತ್ರ ಬರುವುದಿಲ್ಲ. ಗ್ರೂಪ್ ಪಾಲಿಸಿ ತೆಗೆದುಕೊಂಡಿದ್ದೇನೆ ಎಂದು ತೋರಿಸಿ ಇಎಸ್‌ಐ ಬಿಡುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಏಜೆಂಟರು ಇಎಸ್‌ಐ ಬದಲಿಗೆ ಇದೇ ಸಾಕು ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಮಾಲೀಕರು ಹಾಗೆ ಅಂದುಕೊಂಡಾಗ ಅಲ್ಲಗಳೆಯಲೂ ಇಲ್ಲ.

ಒಂಬತ್ತು ಜನರ ಲೆಕ್ಕ

ಇಎಸ್‌ಐ ವಂತಿಗೆಯಲ್ಲಿ ಮಾಲೀಕರ ಪಾಲು ಸಂಬಳದ 3.25%, ಕೆಲಸಗಾರರದು 0.75%. ತಿಂಗಳಿಗೆ 14,000 ಪಡೆಯುವವರ ಕೈಯಿಂದ ಹೋಗುವುದು 105 ರೂಪಾಯಿ, ಮಾಲೀಕರು ಸೇರಿಸುವುದು 455. ಆ ಒಂಬತ್ತು ಜನರ ಒಟ್ಟು ಬಟವಾಡೆ ತಿಂಗಳಿಗೆ ಸುಮಾರು 1,26,000. ಮಾಲೀಕರ ಪಾಲು ತಿಂಗಳಿಗೆ 4,095, ವರ್ಷಕ್ಕೆ 49,000 ಚಿಲ್ಲರೆ. ಇಷ್ಟಕ್ಕೆ ಆ ಒಂಬತ್ತು ಕುಟುಂಬಗಳಿಗೂ ಹೊರರೋಗಿ ಚಿಕಿತ್ಸೆ, ಔಷಧಿ, ಒಳರೋಗಿ ಚಿಕಿತ್ಸೆ ಸಿಗುತ್ತದೆ. ಅವಲಂಬಿತ ತಂದೆತಾಯಿಯೂ ಕುಟುಂಬದ ಲೆಕ್ಕದಲ್ಲೇ ಬರುತ್ತಾರೆ. 3 ಲಕ್ಷದ ಮಿತಿಯಿಲ್ಲ, ಹಳೇ ಕಾಯಿಲೆಗೆ ಕಾಯುವ ಅವಧಿಯಿಲ್ಲ. ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಮಾತ್ರ ಕನಿಷ್ಠ ಸೇವೆ, ವಂತಿಗೆಯ ಷರತ್ತುಗಳಿವೆ.

ಯಾವ ಖಾಸಗಿ ಹೆಲ್ತ್ ಪಾಲಿಸಿಯೂ ಸಾಮಾನ್ಯವಾಗಿ ಕೊಡದ ಇನ್ನೊಂದು ಇದರಲ್ಲಿದೆ: ಸಂಬಳ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70%. ಹೆರಿಗೆಗೆ 26 ವಾರ ಪೂರ್ತಿ ಕೂಲಿ. ಕೆಲಸದ ಜಾಗದಲ್ಲಿ ಗಾಯವಾದರೆ ಗುಣವಾಗುವವರೆಗೆ ಕೂಲಿಯ 90%, ಅದಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಯಮವೂ ಇಲ್ಲ. ಬೆರಳು, ಕೈ ಶಾಶ್ವತವಾಗಿ ಊನವಾದರೆ ದುಡಿಯುವ ಶಕ್ತಿ ಕಳೆದುಕೊಂಡ ಪ್ರಮಾಣದಲ್ಲಿ ಪಿಂಚಣಿ. ಕಟಿಂಗ್ ಮಷಿನ್ ಇರುವ ಕಡೆ ಇದು ದೂರದ ಮಾತಲ್ಲ. ರೀಮುಗಟ್ಟಲೆ ಕಾಗದವನ್ನು ಒಂದೇ ಏಟಿಗೆ ಕತ್ತರಿಸುವ ಬ್ಲೇಡು ಅದು.

ಹಾಗಂತ ಇಎಸ್‌ಐ ಬಗ್ಗೆ ಜನ ಗೊಣಗುವುದು ಸುಳ್ಳೇನಲ್ಲ. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಗೆ ಇಎಸ್‌ಐ ಹೊಸದಲ್ಲ, ಆಸ್ಪತ್ರೆಯೂ ಊರಲ್ಲೇ ಇದೆ. ಆದರೂ ಸಾಲು, ಔಷಧಿ ಇಲ್ಲದ ದಿನಗಳು, ಬೇರೆ ಆಸ್ಪತ್ರೆಗೆ ಹೋಗಲು ಬೇಕಾದ ರೆಫರಲ್ ಚೀಟಿಗಾಗಿ ಓಡಾಟ, ಇವನ್ನೆಲ್ಲ ಬೈಂಡಿಂಗಿನ ಹೆಣ್ಣುಮಕ್ಕಳು ನನಗಿಂತ ಚೆನ್ನಾಗಿ ಬಲ್ಲರು. ಒಬ್ಬರ ಗಂಡ ಹಿಂದೆ ಗಿರಣಿಯಲ್ಲಿದ್ದವರು. "ಖಾಸಗಿ ದವಾಖಾನಿಗೆ ಹೋಗಾಕ ಒಂದು ಕಾರ್ಡ್ ಕೊಡ್ಸಿ ಸಾಕು" ಎಂದು ಅವರು ಕೇಳಿದ್ದರಲ್ಲಿ ಅರ್ಥವಿತ್ತು. ಅವರ ಮನೆಯಲ್ಲಿ ಬಿಪಿಎಲ್ ಪಡಿತರ ಚೀಟಿ ಇತ್ತು. ಹಾಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದ ರೆಫರಲ್ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು, ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ಲೂ ಬೇಕಿಲ್ಲ. ಹಳ್ಳಿಯಿಂದ ಬರುವ ಇನ್ನೊಬ್ಬರ ಮನೆಯವರು ಸೊಸೈಟಿ ಸದಸ್ಯರು. ಅಂಥವರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನಗೊಂಡು, 2022-23ರಲ್ಲಿ ಮತ್ತೆ ಬಂದ ಯೋಜನೆ ಅದು. ಬೇರೆ ವಿಮೆ ಇರುವವರ ಬಗ್ಗೆ ಅದರಲ್ಲಿ ಷರತ್ತುಗಳಿವೆ, ಕಾರ್ಯದರ್ಶಿಯನ್ನು ಕೇಳಿಯೇ ದುಡ್ಡು ಕಟ್ಟಬೇಕು.

ಮಾಲೀಕರ ನಿಜವಾದ ಭಯ ತಿಂಗಳ ವಂತಿಗೆಯದಲ್ಲ. ನೋಂದಾಯಿಸಿದರೆ ಹಿಂದಿನ ವರ್ಷಗಳ ಬಾಕಿ, 12% ಬಡ್ಡಿ, ದಂಡ ಎಲ್ಲ ಒಟ್ಟಿಗೆ ಬಂದು ಮೇಲೆ ಬೀಳುತ್ತದೆ ಎಂಬುದು. ಅದಕ್ಕೆ ಆ ವರ್ಷ ಒಂದು ದಾರಿ ತೆರೆದಿತ್ತು. ಇಎಸ್‌ಐ ನಿಗಮ 2025ರ ಜುಲೈ 1ರಿಂದ ಡಿಸೆಂಬರ್ 31ರ ಗಡುವಿನೊಂದಿಗೆ ಸ್ಪ್ರೀ ಯೋಜನೆ ತಂದಿತ್ತು: ಈ ಅವಧಿಯಲ್ಲಿ ತಾವಾಗಿಯೇ ನೋಂದಾಯಿಸಿಕೊಂಡವರಿಂದ ಅವರು ಘೋಷಿಸಿದ ದಿನಾಂಕಕ್ಕಿಂತ ಹಿಂದಿನ ವಂತಿಗೆ ಕೇಳುವುದಿಲ್ಲ, ಹಳೆಯ ದಾಖಲೆ ತಪಾಸಣೆಯೂ ಇಲ್ಲ. ನವೆಂಬರ್‌ನಲ್ಲಿ ಹನ್ನೊಂದು ಹೆಸರೂ ರಿಜಿಸ್ಟರಿಗೆ ಬಂದವು, ಒಂಬತ್ತು ಜನರಿಗೆ ಇಎಸ್‌ಐ ನಂಬರ್ ಆಯಿತು. ಈ ಗಡುವು ಇಲ್ಲದಿದ್ದರೆ ಅವರು ಒಪ್ಪುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

3 ಲಕ್ಷದ ಪಾಲಿಸಿ ಎಷ್ಟು ಕೊಡುತ್ತದೆ

ಕೊಟೇಶನ್ನಿನ ಮೂರನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು: ರೂಮ್ ಬಾಡಿಗೆ ದಿನಕ್ಕೆ ವಿಮಾ ಮೊತ್ತದ 1%. ಅಂದರೆ 3,000. ಮಾಲೀಕರು ಇದನ್ನು ಓದಿದ್ದರು. "ರೂಮಿನ ಮೇಲಿನ ವ್ಯತ್ಯಾಸ ನಾವು ಕೊಟ್ರಾಯ್ತು" ಎಂದು ಬಿಟ್ಟಿದ್ದರು. ಅದು ಬರೀ ರೂಮಿನ ವ್ಯತ್ಯಾಸಕ್ಕೆ ನಿಲ್ಲುವುದಿಲ್ಲ. ಮಿತಿಗಿಂತ ದುಬಾರಿ ರೂಮು ಹಿಡಿದರೆ, ರೂಮಿಗೆ ತಕ್ಕಂತೆ ಏರುವ ಬೇರೆ ಚಾರ್ಜುಗಳನ್ನೂ ಕಂಪನಿ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತದೆ. ಅವರ ಎದುರಿಗೇ ಬಿಲ್ ಬುಕ್ಕಿನ ಹಿಂಬದಿಯಲ್ಲಿ ಒಂದು ಕಾಲ್ಪನಿಕ ಬಿಲ್ ಬರೆದು ತೋರಿಸಿದೆ.

ಐದು ದಿನ 6,000ದ ರೂಮು: 30,000. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್: 1,10,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳು: 88,000. ಪಾಲಿಸಿಯಲ್ಲಿ ಬರದ ಗ್ಲೌಸು, ಮಾಸ್ಕು ಇತ್ಯಾದಿ: 12,000. ಒಟ್ಟು 2,40,000. ವಿಮಾ ಮೊತ್ತ 3 ಲಕ್ಷ ಇರುವುದರಿಂದ ಪೂರ್ತಿ ಬರಬೇಕು ಅನ್ನಿಸುತ್ತದೆ. ಆದರೆ ರೂಮಿನದು ಅರ್ಧ, 15,000. ಎರಡನೇ ಸಾಲೂ ಅರ್ಧ, 55,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗೆ ಈ ಕಡಿತ ಹಾಕುವಂತಿಲ್ಲ, ಹಾಗಾಗಿ 88,000 ಪೂರ್ತಿ. ಕೊನೆಯದು ಸೊನ್ನೆ. ಕಂಪನಿ ಕೊಡುವುದು 1,58,000, ಕೈಯಿಂದ 82,000. ದಿನಕ್ಕೆ 3,000 ಹೆಚ್ಚಿನ ರೂಮು ಹಿಡಿದಿದ್ದಕ್ಕೆ ಬರೀ 15,000 ಹೋಗುತ್ತದೆ ಅಂದುಕೊಂಡವರ ಜೇಬಿಗೆ ಅದರ ಮೇಲೆ ಮತ್ತೂ 55,000 ಕತ್ತರಿ.

ಮಾಲೀಕರು ಆ ಹಾಳೆಯನ್ನು ಹರಿದು ಜೇಬಿಗಿಟ್ಟುಕೊಂಡರು. ಅಲ್ಲಿಂದ ಮುಂದೆ ಅವರು ನೋಡಿದ ಪ್ರತಿ ಪಾಲಿಸಿಯಲ್ಲೂ ಮೊದಲು ಹುಡುಕಿದ್ದು ರೂಮಿನ ಷರತ್ತನ್ನೇ.

ತೆರಿಗೆಯದು ಇನ್ನೊಂದು ವ್ಯತ್ಯಾಸ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿಗಳಿಗೆ, ಮನೆಯವರೆಲ್ಲ ಒಂದೇ ವಿಮಾ ಮೊತ್ತ ಹಂಚಿಕೊಳ್ಳುವ ಫ್ಯಾಮಿಲಿ ಫ್ಲೋಟರ್ ಮತ್ತು ಹಿರಿಯ ನಾಗರಿಕರ ಪಾಲಿಸಿಗಳೂ ಸೇರಿ, ಜಿಎಸ್‌ಟಿ ಇಲ್ಲ. ಗ್ರೂಪ್ ಪಾಲಿಸಿಗೆ 18% ಹಾಗೇ ಇದೆ: ಪ್ರೀಮಿಯಂ 1 ಲಕ್ಷವಾದರೆ ತೆರಿಗೆ 18,000, ಅದನ್ನು ಪ್ರೆಸ್ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ಟೂ ಸಾಮಾನ್ಯವಾಗಿ ಸಿಗದು. ಮಾಲೀಕರ ಮನೆಯವರನ್ನು ಗ್ರೂಪಿಗೆ ಹಾಕುವುದರಿಂದ ಅಗ್ಗವಾಗುತ್ತದೆ ಎಂಬ ವಾದ ಇದರಿಂದ ಸಾಕಷ್ಟು ಸೊರಗಿತು.

ಅಪ್ಪನ ಸ್ಟೆಂಟ್

ಗ್ರೂಪ್ ಪಾಲಿಸಿಯ ಪರವಾಗಿ ಉಳಿದ ಗಟ್ಟಿ ಕಾರಣ ಇದೊಂದೇ, ಮತ್ತು ಅದು ಸಣ್ಣದಲ್ಲ. ಹೃದಯದ ತೊಂದರೆಯಿದ್ದ 68 ವರ್ಷದವರಿಗೆ ಮೊದಲ ದಿನದಿಂದ ರಕ್ಷಣೆ ಸಿಗುವುದು ಸಾಮಾನ್ಯವಾಗಿ ಗ್ರೂಪಿನಲ್ಲಿ ಮಾತ್ರ. ಆದರೆ ಈ ಕೊಟೇಶನ್ನಿನಲ್ಲಿ ಮಾಲೀಕರ ಅಪ್ಪ ಅಮ್ಮ ಮಾತ್ರ ಇದ್ದರು, ಕೆಲಸಗಾರರ ಅಪ್ಪ ಅಮ್ಮ ಇರಲಿಲ್ಲ. ಕ್ಲೇಮ್ ಬಂದ ದಿನ ಕಂಪನಿ ಇದನ್ನು ಪ್ರಶ್ನಿಸುವುದಿಲ್ಲ ಎಂದು ಏಜೆಂಟರು ಬರೆದುಕೊಡಲು ಸಿದ್ಧರಿರಲಿಲ್ಲ. ಮೇಲಾಗಿ ಗ್ರೂಪ್ ಅನ್ನುವುದು ಒಂದು ವರ್ಷದ ಕರಾರು. ಈ ವರ್ಷ ಅಪ್ಪನಿಗೆ ದೊಡ್ಡ ಕ್ಲೇಮ್ ಆದರೆ ಮುಂದಿನ ವರ್ಷದ ದರ ಎಲ್ಲರಿಗೂ ಏರುತ್ತದೆ. ಒಂಬತ್ತು ಜನ ಇಎಸ್‌ಐಗೆ ಹೋದ ಮೇಲೆ ಉಳಿದವರು ಇಬ್ಬರು ನೌಕರರು ಮತ್ತು ಮಾಲೀಕರು. ಗ್ರೂಪಿಗೆ ಸಾಮಾನ್ಯವಾಗಿ ಕನಿಷ್ಠ ಏಳು ಜನ ಬೇಕು, ಅಲ್ಲಿಗೆ ಆ ಬಾಗಿಲು ತಾನಾಗಿ ಮುಚ್ಚಿತು.

ವೈಯಕ್ತಿಕ ಪಾಲಿಸಿಯ ನಿಯಮಗಳು ಈಚೆಗೆ ಹಿರಿಯರ ಪರ ಸ್ವಲ್ಪ ವಾಲಿವೆ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಪಾಲಿಸಿ ಮಾರಬಹುದು. ಮುಂಚಿನಿಂದ ಇರುವ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು, ಮೊದಲು 48 ಇತ್ತು. 2025ರ ಜನವರಿಯಿಂದ, ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ 10%ಗಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜತೆ ಮಾತಾಡಬೇಕು. ಆದರೆ ಇಂಥವರನ್ನು ತೆಗೆದುಕೊಳ್ಳಲೇಬೇಕೆಂದು ಯಾರೂ ಕಂಪನಿಗೆ ಹೇಳಿಲ್ಲ. ಒಂದು ಕಂಪನಿ ಅಪ್ಪನ ಅರ್ಜಿ ತಿರಸ್ಕರಿಸಿತು. ಇನ್ನೊಂದು ಪರೀಕ್ಷೆ ಮಾಡಿಸಿ, ಹೆಚ್ಚುವರಿ ಪ್ರೀಮಿಯಂ ಹೇರಿ, ಹೃದಯಕ್ಕೆ 36 ತಿಂಗಳ ಕಾಯುವಿಕೆ ಮತ್ತು ಪ್ರತಿ ಕ್ಲೇಮಿನಲ್ಲೂ 20% ನೀವೇ ಕೊಡಬೇಕೆಂಬ ಷರತ್ತಿನೊಂದಿಗೆ 5 ಲಕ್ಷಕ್ಕೆ ಒಪ್ಪಿತು. ಅಪ್ಪ ಅಮ್ಮನದು ಬೇರೆ ಪಾಲಿಸಿ. ಫ್ಲೋಟರಿನ ದರ ನಿಗದಿಯಾಗುವುದು ಅದರಲ್ಲಿರುವ ಹಿರಿಯರ ವಯಸ್ಸಿನ ಮೇಲೆ, ಅಪ್ಪನನ್ನು ಮಕ್ಕಳ ಜತೆ ಸೇರಿಸಿದರೆ ಮಕ್ಕಳಿಗೂ 68ರ ದರ ಬೀಳುತ್ತದೆ.

ಆ 36 ತಿಂಗಳು ಹೃದಯಕ್ಕೆ ಏನು ಗತಿ? ವಿಮೆಯಲ್ಲಿ ಉತ್ತರವಿಲ್ಲ. ಗ್ರೂಪಿಗೆಂದು ತೆಗೆದಿಟ್ಟಿದ್ದ ದುಡ್ಡಿಗೆ ಇನ್ನಷ್ಟು ಸೇರಿಸಿ ಅಮ್ಮನ ಹೆಸರಿನಲ್ಲಿ ಎಫ್‌ಡಿ ಮಾಡಿಸಿದೆವು. ಎಪಿಎಲ್ ಕುಟುಂಬಕ್ಕೂ ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜ್ ದರದ 30% ಸಿಗುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆ ಕಾರ್ಡನ್ನೂ ಮಾಡಿಸಿಟ್ಟರು. ಕಾರ್ಡು ಮಾಡಿಸುವುದೆಂದರೆ ಅವರಿಗೆ ಸ್ವಲ್ಪ ಮುಜುಗರ, "ನಮ್ಮಂಥೋರಿಗೂ ಕೊಡ್ತಾರಾ" ಎಂದು ಎರಡು ಸಲ ಕೇಳಿದರು.

ಬರೆಯಬೇಡಿ ಎಂದ ಶುಗರ್

ಮಾಲೀಕರು, ಹೆಂಡತಿ, ಇಬ್ಬರು ಮಕ್ಕಳಿಗೆ 10 ಲಕ್ಷದ ಫ್ಲೋಟರ್, ರೂಮಿನ ಮಿತಿ ಇಲ್ಲದ್ದು. ಅದರ ಮೇಲೆ ಸೂಪರ್ ಟಾಪ್‌ಅಪ್, ಅಂದರೆ ಒಂದು ಮಿತಿ ಮೀರಿದ ಖರ್ಚನ್ನು ಮಾತ್ರ ಕೊಡುವ ಪಾಲಿಸಿ. ಬರೀ ಟಾಪ್‌ಅಪ್ ಬೇಡವೆಂದೆ. ಮಿತಿ 5 ಲಕ್ಷ ಅಂತಿಟ್ಟುಕೊಂಡು, ಒಂದೇ ವರ್ಷದಲ್ಲಿ 3 ಲಕ್ಷದ್ದು, 4 ಲಕ್ಷದ್ದು ಎರಡು ಬಿಲ್ ಬಂದರೆ, ಸೂಪರ್ ಟಾಪ್‌ಅಪ್ ಎರಡನ್ನೂ ಕೂಡಿ 5 ಲಕ್ಷ ಮೀರಿದ 2 ಲಕ್ಷ ಕೊಡುತ್ತದೆ. ಟಾಪ್‌ಅಪ್ ಪ್ರತಿ ಬಿಲ್ಲನ್ನು ಬೇರೆ ಬೇರೆ ನೋಡುತ್ತದೆ, ಯಾವುದೂ 5 ಲಕ್ಷ ಮೀರಿಲ್ಲವೆಂದು ಏನೂ ಕೊಡುವುದಿಲ್ಲ.

ಅರ್ಜಿ ತುಂಬುವಾಗ ಶುಗರ್ ಕಾಲಂ ಬಂತು. "ಮಾತ್ರೆ ತಗೊಳ್ತಿಲ್ಲ ಅಲ್ವಾ, ಇಲ್ಲ ಅಂತ ಹಾಕಿ ಸರ್. ಐದು ವರ್ಷ ಆದ್ಮೇಲೆ ಅವರೇನೂ ಕೇಳಂಗಿಲ್ಲ" ಎಂದರು ಏಜೆಂಟರು. ಅರ್ಧ ನಿಜ. 60 ತಿಂಗಳು ಸತತವಾಗಿ ಪಾಲಿಸಿ ನಡೆದ ಮೇಲೆ, ಮಾಹಿತಿ ಮುಚ್ಚಿಟ್ಟಿರಿ ಎಂದು ಕಂಪನಿ ಕ್ಲೇಮ್ ತಿರಸ್ಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ತಿರಸ್ಕರಿಸಬಹುದು. ರಿಪೋರ್ಟ್ ಕೈಯಲ್ಲಿದ್ದೂ 'ಇಲ್ಲ' ಎಂದು ಬರೆಯುವುದನ್ನು ವಂಚನೆ ಅನ್ನಲಾರರು ಎಂದು ನಂಬಿ ಕೂರುವುದಾದರೆ ವಿಮೆ ಯಾಕೆ ಬೇಕು? ಮೊದಲ ಐದು ವರ್ಷದಲ್ಲೇ ಆಸ್ಪತ್ರೆ ಸೇರಿದರೆ, ಅಲ್ಲಿನ ಡಾಕ್ಟರು ಕೇಸ್ ಶೀಟಿನಲ್ಲಿ ಬರೆಯುವ ಮೊದಲ ಸಾಲೇ 'ಎಷ್ಟು ವರ್ಷದಿಂದ ಶುಗರ್'. ಶುಗರ್ ಬರೆದೇ ಕಳಿಸಿದೆವು. ಪ್ರೀಮಿಯಂ ಸ್ವಲ್ಪ ಏರಿತು, ಪಾಲಿಸಿ ಬಂತು. ಬಂದ 30 ದಿನದೊಳಗೆ ಓದಿ ಬೇಡವೆನಿಸಿದರೆ ಹಿಂದಿರುಗಿಸುವ ಅವಕಾಶವಿದೆ. ಇವರು ಓದಿದ್ದು ಮಗನ ಕೈಲಿ.

ಮ್ಯಾನೇಜರ್ ಮತ್ತು ಡಿಟಿಪಿ ಆಪರೇಟರ್ ಇಎಸ್‌ಐಗೂ ಇಲ್ಲ, ಗ್ರೂಪಿಗೂ ಇಲ್ಲ. ಇಬ್ಬರೂ ತಮ್ಮ ಹೆಸರಲ್ಲೇ ಫ್ಲೋಟರ್ ತೆಗೆದುಕೊಳ್ಳುವುದು, ಪ್ರೀಮಿಯಂ ಪ್ರೆಸ್ ಭರಿಸುವುದು ಎಂದಾಯಿತು. ಕೆಲಸ ಬಿಟ್ಟರೂ ಪಾಲಿಸಿ ಅವರದೇ, ಕಾದ ತಿಂಗಳುಗಳೂ ಅವರವೇ. ಆಪರೇಟರ್ 5 ಲಕ್ಷದ ಆರೋಗ್ಯ ಸಂಜೀವನಿ ಪಾಲಿಸಿ ಆರಿಸಿಕೊಂಡರು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಷರತ್ತು ಒಂದೇ: ಕ್ಲೇಮಿನ 5% ಕೈಯಿಂದ, ರೂಮ್ ವಿಮಾ ಮೊತ್ತದ 2%, ಗರಿಷ್ಠ 5,000. ಈ ಇಬ್ಬರಿಗೆ ಇಎಸ್‌ಐನ ಗಾಯದ ಪರಿಹಾರ ಇಲ್ಲದ್ದರಿಂದ, ಕೆಲಸದ ಜಾಗದ ಅಪಘಾತಕ್ಕೆ ಕಾರ್ಮಿಕರ ಪರಿಹಾರ ಪಾಲಿಸಿ ಒಂದನ್ನು ಬೇರೆಯೇ ತೆಗೆದುಕೊಳ್ಳಬೇಕಾಯಿತು. ಏಜೆಂಟರಿಗೆ ಇದೂ ಒಂದು ಮಾರಾಟವೇ, ಆದರೂ ಅವರಾಗಿ ಹೇಳಿರಲಿಲ್ಲ.

ಆಮೇಲೆ ಆಗಿದ್ದು

ಲಗ್ನದ ಸೀಸನ್ ಶುರುವಾದಾಗ ಕಟಿಂಗ್ ಮಷಿನ್ನಿನವರ ಎಡಗೈ ತೋರುಬೆರಳಿನ ತುದಿ ಹೋಯಿತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಪಟ್ಟಿ ಕಟ್ಟಿಸಿ, ಅದೇ ದಿನ ಇಎಸ್‌ಐ ಆಸ್ಪತ್ರೆಗೆ ಕರೆದೊಯ್ದರು. ಅಪಘಾತದ ವರದಿಯನ್ನು ಆನ್‌ಲೈನಿನಲ್ಲಿ ಹಾಕಿದ್ದು ಮ್ಯಾನೇಜರ್. ಕೆಲಸಕ್ಕೆ ಬಾರದ ದಿನಗಳ 90% ಕೂಲಿ ಖಾತೆಗೆ ಬಂತು, ತಡವಾಗಿ, ಎರಡು ಸಲ ಕಾಗದ ತಿದ್ದಿಸಿದ ಮೇಲೆ. ಊನದ ಪ್ರಮಾಣ ನಿರ್ಧರಿಸುವ ಮೆಡಿಕಲ್ ಬೋರ್ಡು ಇನ್ನೂ ಬಾಕಿ ಇದೆ. ರಿಜಿಸ್ಟರಿನಲ್ಲಿ ಒಂಬತ್ತೇ ಹೆಸರಿದ್ದ ಕಾಲದಲ್ಲಿ ಇದಾಗಿದ್ದರೆ ನಿಗಮ ಪರಿಹಾರ ಕೊಟ್ಟು ಅದನ್ನು ಮಾಲೀಕರಿಂದಲೇ ವಸೂಲಿ ಮಾಡಬಹುದಿತ್ತು. ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ, ಆ ಹೊತ್ತಿಗೆ ಅವರೇ ಓದಿಕೊಂಡಿದ್ದರು.

ಅಮ್ಮನಿಗೆ ಕಣ್ಣಿನ ಪೊರೆ ಬಂತು. ಪಾಲಿಸಿಯಲ್ಲಿ ಪೊರೆಗೆ 24 ತಿಂಗಳ ಕಾಯುವ ಅವಧಿ. ಕ್ಲೇಮ್ ಹಾಕಿ ನೋಡೋಣವೆಂದರು, ಬೇಡವೆಂದೆ. ಎಫ್‌ಡಿ ಮುಟ್ಟದೆ ಕೈಯಿಂದಲೇ ಮಾಡಿಸಿದರು. ಅಪ್ಪ ಆರಾಮಾಗಿದ್ದಾರೆ.

ಈಗ ಬಾಕಿ ಇರುವುದು ಹಿರಿಯ ಮಷಿನ್‌ಮನ್‌ನ ವಿಷಯ. ಸಂಬಳ 20,500. ಸಾವಿರ ರೂಪಾಯಿ ಏರಿಕೆ ಕೊಡುತ್ತೇನೆಂದರೆ ಆತ ಬೇಡವೆಂದ. ಹೆಂಡತಿ ಬಸುರಿ, 21,000 ದಾಟಿದರೆ ಇಎಸ್‌ಐ ಹೋಗುತ್ತದೆ ಎಂಬ ಭಯ. ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿ ಶುರುವಾದ ಮೇಲೆ ಸಂಬಳ ಮಿತಿ ದಾಟಿದರೆ, ಆ ಅವಧಿ ಮುಗಿಯುವವರೆಗೂ ಒಳಗೇ ಉಳಿಯುತ್ತಾರೆ, ವಂತಿಗೆ ಪೂರ್ತಿ ಸಂಬಳದ ಮೇಲೆ. ಹಾಗಾಗಿ ಏಪ್ರಿಲ್ 1ಕ್ಕೇ ಏರಿಸಿದರೆ ಅಂದೇ ಹೊರಗೆ. ಮೇ ತಿಂಗಳಿಂದ ಏರಿಸಿದರೆ ಸೆಪ್ಟೆಂಬರ್ 30ರವರೆಗೆ ಒಳಗೆ, ಅದಕ್ಕೆ ಹೊಂದಿಕೊಂಡ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್. ಹೆರಿಗೆ ಜುಲೈನಲ್ಲಿ. ಏರಿಕೆ ಮೇ ಸಂಬಳದಿಂದ ಎಂದು ಮ್ಯಾನೇಜರ್ ಬರೆದುಕೊಂಡಿದ್ದಾರೆ, ಅಕ್ಟೋಬರ್‌ಗೆ ಮುಂಚೆ ಅವರಿಗೂ ಒಂದು ಫ್ಲೋಟರ್ ತೆಗೆಸಬೇಕು.